ಕೈ ಕೆಸರು ಮಾಡಿಕೊಳ್ಳಲು ದುಡ್ಡು ಕೊಟ್ಟ ಕಥೆ

ಒಂದು ಶನಿವಾರ ಬೆಂಗಳೂರಿನಲ್ಲಿ ಮಡಕೆ ಮಾಡುವ ಕ್ಲಾಸಿಗೆ ಹೋಗಿದ್ದೆ. ವಾರವಿಡೀ ಕೋಡು, ಬಗ್ಗು, ರಾತ್ರಿ ಹನ್ನೊಂದಕ್ಕೆ ಕಾಲ್ ಅಂತ ತಲೆ ಕೆಟ್ಟುಹೋಗಿತ್ತು. ಆಫೀಸಿನ ಗೆಳೆಯರು ಎಳೆದುಕೊಂಡು ಹೋದರು. ಎರಡು ಗಂಟೆಗೆ 1,500 ರೂಪಾಯಿ! ಸುಳ್ಳು ಯಾಕೆ ಹೇಳಲಿ, ಒದ್ದೆ ಮಣ್ಣು ಕೈಯೊಳಗೆ ತಿರುಗತೊಡಗಿದ ಮೇಲೆ ಮೊಬೈಲು ನೆನಪಾಗಲೇ ಇಲ್ಲ. ಕೊನೆಗೆ ಒಂದು ಸೊಟ್ಟ ಲೋಟ ಎದ್ದು ನಿಂತಿತು.

ಅದರ ಫೋಟೋ ತೆಗೆದು ಶಿರಾಳಕೊಪ್ಪದ ಗೆಳೆಯನಿಗೆ ಕಳಿಸಿದೆ. ಅವನ ಅಪ್ಪ ತಿಗರಿ ತಿರುಗಿಸಿಯೇ ಮನೆ ನಡೆಸಿದವರು. "ಎಷ್ಟು ಕೊಟ್ಯೋ?" ಅಂದ. ಹೇಳಿದೆ. "ಅಪ್ಪ ಒಂದು ಆವಿಗೆ ಸುಟ್ರೂ ಅಷ್ಟು ಕೈಗೆ ಉಳೀತಿರ್ಲಿಲ್ಲ ಮಾರಾಯ" ಅಂತ ಬರೆದು ಒಂದು ನಗುಮುಖ ಹಾಕಿದ. ನನಗೆ ನಗು ಬರಲಿಲ್ಲ. ಶಾಲೆಯಲ್ಲಿ ಅವನ ಉಗುರಿನೊಳಗಿನ ಮಣ್ಣು ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಅವತ್ತಿನಿಂದ ಒಂದು ಪ್ರಶ್ನೆ ಕೊರೆಯುತ್ತಿತ್ತು. ನನಗೆ ನೆಮ್ಮದಿ ಕೊಟ್ಟ ಆ ಮಣ್ಣು ಕುಂಬಾರರಿಗೆ ಏನು ಕೊಟ್ಟಿತು? ಬರೀ ದುಡಿಮೆಯೇ? ಇತಿಹಾಸದಲ್ಲಿ ಉತ್ತರ ಸಿಗುತ್ತದೇನೋ ಅಂತ ಹುಡುಕಿದೆ.

ನಮ್ಮೂರಿನ ಪಕ್ಕದ್ದೇ ಬಳ್ಳಿಗಾವಿ, ಅಲ್ಲಮಪ್ರಭುವಿನ ಊರು. ಅಲ್ಲಮ ಮದ್ದಳೆ ಬಾರಿಸುವ ಕಲಾವಿದನಾಗಿದ್ದ ಕಥೆಯನ್ನು 'ಪ್ರಭುದೇವರ ರಗಳೆ'ಯಲ್ಲಿ ಬರೆದವನು ಹಂಪೆಯ ಹರಿಹರ. ಕಾಲ ಸುಮಾರು 1200ರ ಆಸುಪಾಸು. ಅದೇ ಹರಿಹರ ಇನ್ನೊಬ್ಬ ಶರಣನ ಕಥೆಯನ್ನೂ ಬರೆದಿದ್ದಾನೆ: ಕುಂಬಾರ ಗುಂಡಯ್ಯ. ಇವನ ಊರು ಈಗಿನ ಬೀದರ್ ಜಿಲ್ಲೆಯ ಭಾಲ್ಕಿ. ಗುಂಡಯ್ಯನ ಕೈಯಲ್ಲಿ ಮದ್ದಳೆ ಇಲ್ಲ, ತಾನೇ ಮಾಡಿದ ಮಡಕೆ ಇದೆ. ಅದನ್ನೇ ತಾಳಕ್ಕೆ ಬಾರಿಸುತ್ತಾ ಕುಣಿಯುತ್ತಾನೆ. ಆ ಸದ್ದಿಗೆ ಕೈಲಾಸದ ಶಿವನೂ ಕುಣಿಯತೊಡಗುತ್ತಾನೆ!

ಇಲ್ಲಿ ಒಂದು ವಿಷಯ ಗಮನಿಸಿ. ಗುಂಡಯ್ಯ ಕೆಲಸ ಮುಗಿಸಿ, ಕೈ ತೊಳೆದುಕೊಂಡು ಪೂಜೆಗೆ ಕೂರುವವನಲ್ಲ. ಹರಿಹರನ ವರ್ಣನೆಯಲ್ಲಿ ಅವನ ಮಣ್ಣು, ತಿಗರಿ, ಅದರ ಗೂಟ ಎಲ್ಲವೂ ಸಾಧನೆಯ ರೂಪಕಗಳಾಗುತ್ತವೆ. ಕೆಲಸವೇ ಧ್ಯಾನ. ಅವನ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಹದವಾದ ಮಣ್ಣಿನ ಮಾತನ್ನೇ ಹಿಡಿದು ವ್ರತದ ಬಗ್ಗೆ ಹೇಳುತ್ತಾಳೆ. ಮಣ್ಣು ತುಳಿದವರಿಗಲ್ಲದೆ ಇನ್ಯಾರಿಗೆ ಆ ಹೋಲಿಕೆ ಹೊಳೆದೀತು?

ನಮ್ಮೂರಿಂದ ಹಿರೇಕೆರೂರಿನ ಕಡೆ ಹೋದರೆ ಸರ್ವಜ್ಞನ ಹೆಸರಿನ ಜೊತೆ ಸೇರಿಕೊಂಡಿರುವ ಮಾಸೂರು, ಅಬ್ಬಲೂರು ಸಿಗುತ್ತವೆ. ಅವನ ತಾಯಿ ಮಾಳಿ ಕುಂಬಾರಗಿತ್ತಿ ಅನ್ನುವುದು ಪರಂಪರೆಯಿಂದ ಬಂದ ಮಾತು. ಅಂದರೆ ನಾವು 'ವೀಕೆಂಡ್ ಹವ್ಯಾಸ' ಅಂದುಕೊಂಡಿದ್ದರ ಸುತ್ತ ಕನ್ನಡದ ದೊಡ್ಡ ಹೆಸರುಗಳೇ ಇವೆ.

ಹಾಗಾದರೆ ಈ ಹವ್ಯಾಸ ಎಲ್ಲಿಂದ ಶುರುವಾಯಿತು? ಕಾರ್ಖಾನೆಗಳು ಬಂದ ಮೇಲೆ. ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಜಪಾನಿನಲ್ಲಿ ಮಡಕೆ ಕಲಿತು, 1920ರಲ್ಲಿ ಹಮಾದಾ ಶೋಜಿ ಜೊತೆ ಸೇಂಟ್ ಐವ್ಸ್ ಎಂಬಲ್ಲಿ ಕಾರ್ಯಾಗಾರ ತೆರೆದ. 1940ರಲ್ಲಿ ಬಂದ ಅವನ 'ಎ ಪಾಟರ್ಸ್ ಬುಕ್' ಜಗತ್ತಿನ ಎಷ್ಟೋ ಸ್ಟುಡಿಯೋಗಳಿಗೆ ಪಠ್ಯಪುಸ್ತಕವಾಯಿತು. ಲೀಚ್ ಮತ್ತು ಅವನ ಜಪಾನಿ ಗೆಳೆಯರು ಮಾದರಿಯೆಂದು ತೋರಿಸಿದ್ದು ಯಾರನ್ನು ಗೊತ್ತೇ? ಹೆಸರೇ ಉಳಿಯದ ಹಳ್ಳಿಯ ಕುಂಬಾರರನ್ನು!

ನಮ್ಮಲ್ಲೂ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಬಂದು ಗಡಿಗೆಯ ಅಗತ್ಯ ಕಡಿಮೆಯಾಯಿತು. ಬೆಂಗಳೂರಿನ ಪಾಟರಿ ಟೌನಿನ ಕುಂಬಾರ ಮನೆಗಳಿಗೆ ಹಣತೆ, ಗಣಪತಿಗಳೇ ಆಸರೆ. ಬೇಕೇಬೇಕಾಗಿದ್ದಾಗ ಮಡಕೆಗೆ ಬೆಲೆ ಇರಲಿಲ್ಲ, ಬೇಡವಾದ ಮೇಲೆ ಅದು ಕಲೆಯಾಯಿತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮದು ತಿರುಗಾಮುರುಗಾ. ಮೊಸರು ತಿಂದಾದ ಮೇಲೆ ದುಡ್ಡು ಕೊಟ್ಟು ಕೆಸರು ಹುಡುಕುತ್ತೇವೆ.

ಯುಗಾದಿಗೆ ಊರಿಗೆ ಹೋದಾಗ ಗೆಳೆಯನ ಮನೆಗೆ ಹೋದೆ. ತಿಗರಿ ಹಿತ್ತಿಲ ಗೋಡೆಗೆ ಒರಗಿತ್ತು. ಅವನ ಅಪ್ಪನನ್ನು ಕೇಳಿಯೇಬಿಟ್ಟೆ, "ಆಗ ಮಡಕೆ ಮಾಡುವಾಗ ಖುಷಿ ಅನ್ನಿಸ್ತಿತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತಿಗರಿ ತಿರುಗ್ತಿದ್ರೆ ಹಸಿವೂ ಗೊತ್ತಾಗ್ತಿರ್ಲಿಲ್ಲ ತಮ್ಮಾ. ಸಂತೇಲಿ ಚೌಕಾಸಿಗೆ ಕೂತಾಗ್ಲೇ ಸುಸ್ತಾಗ್ತಿದ್ದಿದ್ದು."

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ನೆಮ್ಮದಿ ನಾವು ಪೇಟೆಯವರು ಕಂಡುಹಿಡಿದದ್ದಲ್ಲ. ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದನ್ನು ಸಂತೆಯಲ್ಲಿ, ಶಾಲೆಯಲ್ಲಿ ಕಿತ್ತುಕೊಂಡವರು ನಾವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ... ಎಂಟನೇ ಕ್ಲಾಸಿನ ನಮ್ಮ ನಗು ಅಂಥದ್ದೇ ದೊಣ್ಣೆ.

ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಗೆಳೆಯನಿಗೆ ಆ ನಗುವಿನ ಬಗ್ಗೆ ಹೇಳಿ ಕ್ಷಮೆ ಕೇಳಿದೆ. "ಅದೆಲ್ಲ ಯಾಕೀಗ, ಬಿಡೋ" ಅಂದ. ಮರೆತಿದ್ದೇನೆ ಅಂತ ಮಾತ್ರ ಹೇಳಲಿಲ್ಲ.

ಸೊಟ್ಟ ಲೋಟ ನನ್ನ ಮೇಜಿನ ಮೇಲಿದೆ. ನೀವು ಮುಂದೆ ಹಣತೆ ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.