ಒಸಡಿನ ರಕ್ತ, ಸೋಡಾ ಅಂಗಡಿ ಮತ್ತು ಭಾರತದ ಮೊದಲ ಡೆಂಟಲ್ ಕಾಲೇಜು

ಡಮ್ ಡಮ್ ಜಂಕ್ಷನ್‌ನಲ್ಲಿ ಸಿಯಾಲ್ದಾ ಲೋಕಲ್ ಹತ್ತಿದ್ರೆ ನಮ್ಮಂಥ ಐಟಿ ಮಂದಿ ಮುಂದಿನ ಸ್ಟೇಷನ್ ಬಿಧಾನ್‌ನಗರದಲ್ಲೇ ಇಳಿದು ಸೆಕ್ಟರ್ ಫೈವ್ ಕಡೆ ಓಡ್ತೀವಿ. ಇವತ್ತು ಇಳಿಯದೆ ಸಿಯಾಲ್ದಾ ತನಕ ಹೋಗೋಣ. ಅಲ್ಲಿಂದ ಸ್ವಲ್ಪ ನಡೆದ್ರೆ ಮೌಲಾಲಿ. ಡಾ. ಆರ್. ಅಹ್ಮದ್ ಡೆಂಟಲ್ ಕಾಲೇಜು ಇರೋದು ಅಲ್ಲೇ. ಭಾರತದ ಮೊದಲ ಡೆಂಟಲ್ ಕಾಲೇಜು ಇದು.

ರಫಿಯುದ್ದೀನ್ ಅಹ್ಮದ್ ಹುಟ್ಟಿದ್ದು 1890ರಲ್ಲಿ, ಪೂರ್ವ ಬಂಗಾಳದಲ್ಲಿ. ಅಮೆರಿಕದ ಅಯೋವಾದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು, ಬಾಸ್ಟನ್‌ನ ಫಾರ್ಸಿತ್ ಮಕ್ಕಳ ದಂತ ಆಸ್ಪತ್ರೆಯಲ್ಲಿ ದುಡಿದು ಊರಿಗೆ ಮರಳಿದರು. 1920ರಲ್ಲಿ ಕಾಲೇಜು ಶುರು ಮಾಡಿದರು. ದುಡ್ಡು? 'ನ್ಯೂಯಾರ್ಕ್ ಸೋಡಾ ಫೌಂಟನ್' ಅನ್ನೋ ತಮ್ಮದೇ ಅಂಗಡಿಯಿಂದ! ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ಕಟ್ಟಿದ ಮಹಾನುಭಾವ.

ಆಗಿನ ಕಾಲ ಹೇಗಿತ್ತು ನೋಡಿ. ಒಸಡಲ್ಲಿ ಕೀವಾದ್ರೆ 'ಪಯೋರಿಯಾ' ಅನ್ನೋರು. ಗ್ರೀಕ್ ಮೂಲದ ಈ ಪದಕ್ಕೆ ಕೀವು ಹರಿಯೋದು ಅಂತಲೇ ಅರ್ಥ. ಬಾಯಿಯ ಸೋಂಕೇ ಸಂಧಿವಾತದಿಂದ ಹಿಡಿದು ಎಷ್ಟೋ ಕಾಯಿಲೆಗಳ ಮೂಲ ಅನ್ನೋ ನಂಬಿಕೆ ಪಶ್ಚಿಮದ ವೈದ್ಯರಲ್ಲಿ ಜೋರಾಗಿತ್ತು. ಹಾಗಾಗಿ ಅನುಮಾನ ಬಂದ ಹಲ್ಲನ್ನೆಲ್ಲ ಕೀಳೋದು. ನಮ್ಮಲ್ಲಂತೂ ಹಲ್ಲು ಕೀಳೋಕೆ ಕಲಿತ ವೈದ್ಯರೇ ವಿರಳ. ಹೀಗಾಗಿ ಅಹ್ಮದ್ ಕಾನೂನಿಗೂ ಹೋರಾಡಿದರು. 1939ರಲ್ಲಿ ಬಂಗಾಳದ ದಂತವೈದ್ಯರ ಕಾಯ್ದೆ ಬಂತು, 1948ರಲ್ಲಿ ಇಡೀ ದೇಶಕ್ಕೆ. ನಮ್ಮ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು 1958ರದ್ದು.

ಆದ್ರೆ ಒಸಡು ಊದೋಕೆ ನಿಜವಾದ ಕಾರಣ ಏನು? ಅನುಮಾನಕ್ಕೆಡೆ ಇಲ್ಲದ ಉತ್ತರ ಸಿಕ್ಕಿದ್ದು 1965ರಲ್ಲಿ. ಅಹ್ಮದ್ ತೀರಿಕೊಂಡದ್ದೂ ಅದೇ ವರ್ಷ. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಜೊತೆಗಾರರು ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜೋದನ್ನ ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಸುಮಾರು ವಾರದಲ್ಲಿ ಸರಿಹೋಯಿತು.

ಈ ಪ್ರಯೋಗದ ಅರ್ಥ ಇಷ್ಟೇ: ಹಲ್ಲಿನ ಮೇಲೆ ಕೂರೋ ಬ್ಯಾಕ್ಟೀರಿಯಾಗಳ ತೆಳು ಪದರವೇ ಅಪರಾಧಿ. ಅದನ್ನ ದಿನಾ ತೆಗೆಯದಿದ್ರೆ ಜೊಲ್ಲಿನ ಖನಿಜ ಸೇರಿ ಗಟ್ಟಿಯಾಗಿ ಹಲ್ಲಿಗೆ ಗಾರೆ ಕಟ್ಟುತ್ತೆ. ಆಮೇಲೆ ಬ್ರಷ್‌ಗೆ ಬಗ್ಗಲ್ಲ. ರಕ್ತ ಬರೋದು ವಾರ್ನಿಂಗ್ ಲಾಗ್ ಇದ್ದ ಹಾಗೆ. ಆ ಹಂತದಲ್ಲಿ ಎಲ್ಲವೂ ವಾಪಸ್ ಸರಿಹೋಗುತ್ತೆ. ಕಡೆಗಣಿಸಿದ್ರೆ ಕೆಲವರಲ್ಲಿ ಒಸಡು ಹಲ್ಲಿಂದ ಬಿಟ್ಟುಕೊಂಡು, ಒಳಗಿನ ಮೂಳೆ ಕರಗುತ್ತೆ. ಕರಗಿದ ಮೂಳೆ ತಾನಾಗಿ ವಾಪಸ್ ಬರಲ್ಲ. ನೋವು ಇರಲ್ಲ, ಅದೇ ಅಪಾಯ. ಸಿಗರೇಟು ಸೇದೋರಲ್ಲಿ ರಕ್ತವೂ ಕಮ್ಮಿ, ಹಾಗಾಗಿ ರೋಗ ಮುಚ್ಚಿಕೊಂಡೇ ಬೆಳೆಯುತ್ತೆ. ಸಕ್ಕರೆ ಕಾಯಿಲೆ ಒಸಡನ್ನ ಕೆಡಿಸುತ್ತೆ, ಕೆಟ್ಟ ಒಸಡು ಸಕ್ಕರೆ ಹತೋಟಿಯನ್ನ ಕಷ್ಟ ಮಾಡುತ್ತೆ.

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ" ಅಂತ ಮನೇಲಿ ಹಿರಿಯರು ಹೇಳ್ತಾರಲ್ಲ? ಹಲ್ಲು ಅಲುಗಾಡೋದು ಮೂಳೆ ಕರಗಿದ್ದರಿಂದ. ಗಾರೆ ಅದನ್ನ ಹಿಡಿದಿಟ್ಟು ಮರೆಮಾಚಿತ್ತು, ತೆಗೆದಾಗ ಗೊತ್ತಾಗುತ್ತೆ ಅಷ್ಟೆ. ರೋಗ ಆಳಕ್ಕಿಳಿದಿದ್ರೆ ಬೇರಿನ ತನಕ ಕ್ಲೀನ್ ಮಾಡ್ತಾರೆ, ಕೆಲವರಿಗೆ ಸರ್ಜರಿ ಬೇಕಾಗಬಹುದು. ತಡೆಯೋ ದಾರಿ ಮಾತ್ರ ಅಗ್ಗ: ದಿನಕ್ಕೆರಡು ಸಲ ಮೆತ್ತನೆ ಬ್ರಷ್, ಹಲ್ಲಿನ ಸಂದಿಗೆ ಫ್ಲಾಸ್ ಅಥವಾ ಪುಟ್ಟ ಬ್ರಷ್, ತಂಬಾಕಿಗೆ ವಿದಾಯ.

ಅಹ್ಮದ್ ಹುಟ್ಟಿದ ದಿನ ಡಿಸೆಂಬರ್ 24 ನಮ್ಮಲ್ಲಿ ದಂತವೈದ್ಯರ ದಿನ. ಒಸಡಲ್ಲಿ ರಕ್ತ ಬರ್ತಿದ್ರೆ ಆ ದಿನದ ತನಕ ಕಾಯಬೇಡಿ, ಈ ವಾರವೇ ತೋರಿಸಿ. ಊರಲ್ಲಿರೋ ಅಪ್ಪ-ಅಮ್ಮನಿಗೂ ಫೋನ್ ಮಾಡಿದಾಗ ಇದೊಂದು ಮಾತು ಕೇಳಿ. ಮತ್ತೆ ಸಿಗೋಣ.