ಮಧುಗಿರಿಯಿಂದ ಮಂಗಳೂರಿಗೆ: ಒಂದು ಸುತ್ತುದಾರಿಯ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ತುಮಕೂರು ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿ ಹುಟ್ಟಿ ಬೆಳೆದ ನನ್ನ ತಲೆಮಾರಿನವರಿಗೆ ರೈಲೆಂಬುದು ಇನ್ನೊಬ್ಬರ ಊರಿನ ಸೊತ್ತಾಗಿತ್ತು. ಕೊರಟಗೆರೆಯವರು, ಶಿರಾದವರು ರೈಲು ಹತ್ತಬೇಕಾದರೆ ತುಮಕೂರಿಗೆ ಹೋಗಬೇಕು. ಪಾವಗಡದವರಿಗೆ ಆಂಧ್ರದ ಹಿಂದೂಪುರ ಇಲ್ಲವೆ ಪೆನುಕೊಂಡ. ಮಧುಗಿರಿಯವರಾದ ನಮಗೆ ಎರಡು ದಾರಿ: ದಕ್ಷಿಣಕ್ಕೆ ಇಳಿದರೆ ತುಮಕೂರು, ಪೂರ್ವಕ್ಕೆ ಹೊರಳಿದರೆ ಗೌರಿಬಿದನೂರು. ಆದುದರಿಂದ ನಮ್ಮ ಕಡೆಯ ಯಾವ ರೈಲು ಪ್ರಯಾಣವೂ ರೈಲಿನಿಂದ ಮೊದಲಾಗುತ್ತಿರಲಿಲ್ಲ; ಬಸ್ಸಿನಿಂದ, ಅದಕ್ಕೂ ಹಿಂದೆ ಎತ್ತಿನ ಗಾಡಿಯಿಂದ, ಮೊದಲಾಗುತ್ತಿತ್ತು. ಅಂಥ ಒಂದು ಪ್ರಯಾಣದ ನೆಪದಲ್ಲಿ, ನಮ್ಮ ನಾಡಿನ ರೈಲುದಾರಿಗಳು ಏಕೆ ಹೀಗೆ ಹರಿದಿವೆ ಎಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

1977ನೆಯ ಇಸವಿಯ ಮೇ ತಿಂಗಳು. ನನ್ನ ಅಣ್ಣ ಆಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದ. ಅಲ್ಲಿ ಹೊಸ ಬಂದರು ತೆರೆದು ಎರಡು ವರ್ಷವಾಗಿತ್ತು. ಒಳನಾಡಿನ ಹುಡುಗರು ಕೆಲಸ ಹುಡುಕಿಕೊಂಡು ಕಡಲ ಕಡೆಗೆ ಹೋಗುತ್ತಿದ್ದ ಕಾಲ ಅದು. ಅಣ್ಣನಿಗೆ ಮೊದಲ ಮಗು ಹುಟ್ಟಿತು. ನಾಮಕರಣಕ್ಕೆ ನಮ್ಮ ಅಜ್ಜಿ ಹೋಗಲೇಬೇಕು. ಮರಿಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಅವಳೇ ಎಂದು ಅಣ್ಣ ಕಾಗದ ಬರೆದಿದ್ದ. ಆದರೆ ಅಜ್ಜಿಗೆ ಬಸ್ಸು ಆಗದು. ದೇವರಾಯನದುರ್ಗದ ತಿರುವುಗಳಲ್ಲಿಯೇ ತಲೆ ಸುತ್ತಿ ಮಲಗಿಬಿಡುವವಳನ್ನು ಶಿರಾಡಿ ಘಾಟಿಯಲ್ಲಿ ಇಳಿಸುವುದು ಹೇಗೆ? ರೈಲಿನಲ್ಲಿಯೇ ಕರೆದೊಯ್ಯುವುದೆಂದು ಅಪ್ಪ ತೀರ್ಮಾನಿಸಿದರು.

ತೀರ್ಮಾನ ಮಾಡುವುದು ಸುಲಭ. ದಾರಿ ಹುಡುಕುವುದು ಕಷ್ಟ. ನೆರೆಮನೆಯವರಿಂದ ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನು ತಂದು, ಅಪ್ಪ ಜಗಲಿಯ ಮೇಲೆ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆಯತೊಡಗಿದರು. ಮಧುಗಿರಿಯಿಂದ ಗೌರಿಬಿದನೂರಿಗೆ ಬಸ್ಸು. ಗೌರಿಬಿದನೂರಿನಿಂದ ಬೆಂಗಳೂರಿಗೆ ಮೀಟರ್ ಗೇಜಿನ ಚಿಕ್ಕ ರೈಲು. ಬೆಂಗಳೂರಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಬ್ರಾಡ್ ಗೇಜಿನ ದೊಡ್ಡ ರೈಲು. ಅದು ಜೋಲಾರಪೇಟೆ, ಸೇಲಂ, ಈರೋಡು, ಪಾಲಘಾಟ್ ದಾಟಿ ಷೊರನೂರಿಗೆ ಮುಟ್ಟಿಸುತ್ತದೆ. ಷೊರನೂರಿನಲ್ಲಿ ಮತ್ತೆ ಇಳಿದು, ಮದರಾಸಿನ ಕಡೆಯಿಂದ ಬರುವ ಗಾಡಿ ಹತ್ತಿ, ಕಲ್ಲಿಕೋಟೆ, ಕಣ್ಣಾನೂರು, ಕಾಸರಗೋಡುಗಳ ಮೂಲಕ ಮಂಗಳೂರು. ನಾನು ಆಗ ಪಿ.ಯು.ಸಿ. ಓದುತ್ತಿದ್ದ ಹುಡುಗ. ಶಾಲೆಯ ಭೂಪಟ ತೆಗೆದು ಈ ಊರುಗಳನ್ನು ಬೆರಳಿನಿಂದ ಗುರುತಿಸಿದೆ. ಮಂಗಳೂರು ನಮಗೆ ಪಶ್ಚಿಮಕ್ಕಿದೆ. ನಮ್ಮ ದಾರಿಯಾದರೋ ಮೊದಲು ಪೂರ್ವಕ್ಕೆ, ಆಮೇಲೆ ದಕ್ಷಿಣಕ್ಕೆ, ಅಲ್ಲಿಂದ ಪಶ್ಚಿಮಕ್ಕೆ, ಕೊನೆಗೆ ಉತ್ತರಕ್ಕೆ. ರಸ್ತೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರು; ರೈಲಿನಲ್ಲಿ 800 ಕಿಲೋಮೀಟರಿಗೂ ಮೇಲೆ. ಕರ್ನಾಟಕದ ಒಂದು ಊರಿನಿಂದ ಕರ್ನಾಟಕದ್ದೇ ಬಂದರಿಗೆ ಹೋಗಲು ತಮಿಳುನಾಡನ್ನೂ ಕೇರಳವನ್ನೂ ಪ್ರದಕ್ಷಿಣೆ ಮಾಡಬೇಕು!

ಹೀಗೇಕೆ ಎಂದು ಆಗ ಅಪ್ಪನನ್ನು ಕೇಳಿದೆ. "ಘಟ್ಟ ಅಡ್ಡ ಇದೆಯಲ್ಲಪ್ಪ" ಎಂದರು. ಆ ಉತ್ತರ ಅರ್ಧ ಮಾತ್ರ ನಿಜವೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಘಟ್ಟದಷ್ಟೇ ಗಟ್ಟಿಯಾದ ಇನ್ನೊಂದು ಅಡ್ಡಿಯಿತ್ತು. ಅದು ಗಡಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಕರಾವಳಿಯ ಕನ್ನಡ ಸೀಮೆ ಇಂಗ್ಲಿಷರ ಕೈಗೆ ಹೋಯಿತು. ಮೈಸೂರು ಸಂಸ್ಥಾನಕ್ಕೆ ಉಳಿದದ್ದು ಒಳನಾಡು. ಒಂದು ಗೇಣಿನಷ್ಟೂ ಕಡಲ ತೀರವಿಲ್ಲ. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ನಾಡನ್ನು ನೋಡಿ ವರದಿ ಮಾಡಲು ಹೊರಟಾಗ ಮಧುಗಿರಿ, ಶಿರಾಗಳನ್ನೂ ಕಂಡ, ಮುಂದೆ ಕನ್ನಡ ಜಿಲ್ಲೆಯ ಕರಾವಳಿಯನ್ನೂ ಕಂಡ. ಅವನಿಗೆ ಅದು ಒಂದೇ ಪ್ರವಾಸ. ಆದರೆ ಆಡಳಿತದ ಕಡತಗಳಲ್ಲಿ ಅವು ಆಗಲೇ ಎರಡು ಬೇರೆ ನಾಡುಗಳಾಗಿದ್ದವು. 1862ರಲ್ಲಿ ಕರಾವಳಿಯನ್ನೂ ಎರಡಾಗಿ ಸೀಳಿ, ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು.

ರೈಲು ಬಂದದ್ದು ಇಂಥ ಹೊತ್ತಿನಲ್ಲಿ. ಹಳಿ ಹಾಕುವವರು ಜನರ ಭಾಷೆಯನ್ನು ನೋಡುವುದಿಲ್ಲ. ರಾಜಧಾನಿ ಎಲ್ಲಿದೆ, ಬಂದರು ಯಾರದು ಎಂದು ನೋಡುತ್ತಾರೆ. ಮದರಾಸ್ ರೈಲ್ವೆಯವರ ದಾರಿ 1862ರಲ್ಲಿ ಮದರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಮುಟ್ಟಿತು. 1864ರಲ್ಲಿ ಅದರ ಒಂದು ಕವಲು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದಿತು. ಬೇಪೂರಿನ ಕಡೆಯ ದಾರಿ ಬೆಳೆಬೆಳೆದು, ಕಡಲಂಚನ್ನು ಹಿಡಿದು, ನೇತ್ರಾವತಿಯನ್ನು ದಾಟಿ 1907ರಲ್ಲಿ ಮಂಗಳೂರು ಸೇರಿತು. ಮದರಾಸಿನಲ್ಲಿ ಕುಳಿತವನಿಗೆ ಇದು ನೇರವಾದ ದಾರಿ. ದಕ್ಷಿಣ ಕನ್ನಡದ ಕಲೆಕ್ಟರಿಗೂ ಅವನ ಕಾಗದಪತ್ರಗಳಿಗೂ ಇದಕ್ಕಿಂತ ನೆಟ್ಟಗಿನ ದಾರಿ ಬೇಕಿರಲಿಲ್ಲ. ಸುತ್ತುದಾರಿಯಾದದ್ದು ನಮಗೆ ಮಾತ್ರ.

ಇತ್ತ ಮೈಸೂರಿನ ಕಥೆ ಬೇರೆ. 1876-78ರ ಘೋರ ಕ್ಷಾಮದಲ್ಲಿ ಹೊರಗಿನಿಂದ ಧಾನ್ಯವನ್ನು ಒಳಕ್ಕೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತದ್ದನ್ನು ಕಂಡ ಮೇಲೆ ಸಂಸ್ಥಾನದಲ್ಲಿ ರೈಲಿನ ಕೆಲಸಕ್ಕೆ ವೇಗ ಬಂದಿತು. ಬೆಂಗಳೂರು-ಮೈಸೂರು ದಾರಿ 1882ಕ್ಕೆ ಮುಗಿಯಿತು. 1884ರಲ್ಲಿ ತುಮಕೂರಿಗೆ ರೈಲು ಬಂದಿತು. 1889ರ ವೇಳೆಗೆ ಹರಿಹರ ಮುಟ್ಟಿತು. ಖರ್ಚು ಕಡಮೆಯೆಂದು ಇವೆಲ್ಲ ಒಂದು ಮೀಟರು ಅಗಲದ ಹಳಿಗಳು. ಮದರಾಸಿನದು ಐದೂವರೆ ಅಡಿ. ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಓಡದು. ಬೆಂಗಳೂರಿನಲ್ಲಿ ಮೂಟೆಯನ್ನೂ ಮನುಷ್ಯನನ್ನೂ ಇಳಿಸಿ ಹತ್ತಿಸುವ ಪಾಡು ಅಲ್ಲಿಂದ ನೂರು ವರ್ಷ ನಡೆಯಿತು.

ತುಮಕೂರಿನಿಂದ ಮುಂದಕ್ಕೆ ಆ ದಾರಿ ಶಿರಾ, ಹಿರಿಯೂರುಗಳ ಹಳೆಯ ಹೆದ್ದಾರಿಯನ್ನು ಹಿಡಿಯಲಿಲ್ಲ. ಗುಬ್ಬಿ, ತಿಪಟೂರು, ಅರಸೀಕೆರೆಗಳ ಕಡೆಗೆ ಹೊರಳಿತು. 1687ರಿಂದ 1757ರವರೆಗೆ ಮೊಗಲರ ಸುಬೆಯ ರಾಜಧಾನಿಯಾಗಿ ಮೆರೆದ ಶಿರಾ ಹೀಗೆ ಹೊರಗುಳಿಯಿತು. 1890ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಗೌರಿಬಿದನೂರು, ಹಿಂದೂಪುರಗಳ ಮೂಲಕ ಗುಂತಕಲ್ಲಿಗೆ ಹೋದ ದಾರಿ ಮಧುಗಿರಿಯನ್ನೂ ಪಾವಗಡವನ್ನೂ ಪಕ್ಕದಲ್ಲಿಯೇ ದಾಟಿಹೋಯಿತು. ಎಡಕ್ಕೊಂದು ಹಳಿ, ಬಲಕ್ಕೊಂದು ಹಳಿ. ನಡುವೆ ನಮ್ಮ ನಾಲ್ಕು ತಾಲ್ಲೂಕು. ನಮ್ಮ ಜಯಮಂಗಲಿ ನದಿ ಕೂಡ ಪೂರ್ವಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮದ ಕಡಲಿಗೆ ನಮ್ಮ ನೀರೂ ಹೋಗದು, ನಮ್ಮ ರೈಲೂ ಹೋಗದು ಎಂಬಂತಿತ್ತು.

ಮೈಸೂರಿನವರು ಕಡಲನ್ನು ಮರೆತು ಕುಳಿತಿದ್ದರೆಂದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರು ಬೇಕೆಂಬ ಯೋಚನೆ ನಡೆದಿತ್ತು. ಆದರೆ ಭಟ್ಕಳ ಮುಂಬಯಿ ಪ್ರಾಂತದ್ದು. ಯೋಚನೆ ಕಾಗದದಲ್ಲಿಯೇ ಉಳಿಯಿತು. ಶಿವಮೊಗ್ಗದ ಕಡೆಯ ಹಳಿ 1940ರಲ್ಲಿ ತಾಳಗುಪ್ಪದವರೆಗೆ ಹೋಗಿ ಘಟ್ಟದ ಅಂಚಿನಲ್ಲಿ ನಿಂತಿತು. ಹುಬ್ಬಳ್ಳಿ, ಲೋಂಡಾಗಳ ಮೂಲಕ ಮರ್ಮಗೋವೆಯ ಕಡಲಿಗೆ ಹಳಿಯೇನೋ ಇತ್ತು. ಆದರೆ 1961ರವರೆಗೆ ಅಲ್ಲಿ ಪೋರ್ಚುಗೀಸರ ಗಡಿ ದಾಟಬೇಕಿತ್ತು. ಎಲ್ಲಿ ನೋಡಿದರೂ ಕಡಲಿಗೂ ನಮಗೂ ನಡುವೆ ಇನ್ನೊಬ್ಬರ ಬಾಗಿಲು.

ಇಂಥ ಸ್ಥಿತಿ ನಮ್ಮೊಬ್ಬರದೇ ಅಲ್ಲ. ಇಟಲಿ 1861ರಲ್ಲಿ ಒಂದು ರಾಜ್ಯವಾಗುವ ಮುನ್ನ ಅಲ್ಲಿನ ಸಣ್ಣ ಸಣ್ಣ ಸಂಸ್ಥಾನಗಳು ತಮ್ಮ ತಮ್ಮ ಅನುಕೂಲಕ್ಕೆ ಹಳಿ ಹಾಕಿಕೊಂಡಿದ್ದವು. ಒಂದಾದ ಮೇಲೆ ಅವರು ತುಂಡುಗಳನ್ನು ಬೆಸೆಯತೊಡಗಿದರು. ಬೆಟ್ಟ ನೇರವಾಗಿ ಕಡಲಿಗೆ ಬೀಳುವ ಲಿಗೂರಿಯಾ ತೀರದಲ್ಲಿ, ಸುರಂಗದ ಮೇಲೆ ಸುರಂಗ ಕೊರೆದು, ಜಿನೋವಾ ಮತ್ತು ಲಾ ಸ್ಪೆಜಿಯಾ ಪಟ್ಟಣಗಳನ್ನು 1874ರಲ್ಲಿ ಕೂಡಿಸಿದರು. ರಾಜ್ಯ ಒಂದಾಗಿ ಹದಿಮೂರನೆಯ ವರ್ಷಕ್ಕೆ ಆ ತೀರದ ಬೆಸ್ತರ ಹಳ್ಳಿಗಳಿಗೂ ರೈಲು ಬಂದಿತ್ತು. ನಾವು 1956ರಲ್ಲಿ ಒಂದಾದೆವು. ಭೂಪಟದ ಗೆರೆ ಒಂದು ದಿನದಲ್ಲಿ ಅಳಿಸಿತು. ಹಳಿಯ ಗೆರೆ ಬದಲಾಗಲು ಇಪ್ಪತ್ತಮೂರು ವರ್ಷ ಬೇಕಾಯಿತು.

ಆ ಇಪ್ಪತ್ತಮೂರರಲ್ಲಿ ಇಪ್ಪತ್ತೊಂದನೆಯ ವರ್ಷ ನಮ್ಮ ಪ್ರಯಾಣ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನದ ಡಬ್ಬಿ, ಮಗುವಿಗೆ ಅಜ್ಜಿ ಹೊಲಿದ ಕೌದಿ – ಇಷ್ಟು ಹೊತ್ತು ಹೊರಟೆವು. ಬೆಂಗಳೂರಿನವರೆಗೆ ಎಲ್ಲ ಅಪ್ಪನ ಹಾಳೆಯಲ್ಲಿದ್ದಂತೆಯೇ ನಡೆಯಿತು. ಜೋಲಾರಪೇಟೆಯಲ್ಲಿ ಎಂಜಿನ್ನನ್ನು ಬಿಚ್ಚಿ ಗಾಡಿಯ ಇನ್ನೊಂದು ತುದಿಗೆ ಕಟ್ಟಿದರು. ಗಾಡಿ ಬಂದ ಕಡೆಗೇ ಮುಖ ಮಾಡಿ ಹೊರಟಾಗ ಅಜ್ಜಿ ಗಾಬರಿಯಿಂದ, "ಏನಪ್ಪ, ವಾಪಸ್ಸು ನಮ್ಮೂರಿಗೇ ಹೊರಟಿತೋ?" ಎಂದಳು. ಸೇಲಮ್ಮಿನ ದಾರಿ ಅಲ್ಲಿ ಕವಲೊಡೆಯುತ್ತದೆಂದು ಅಪ್ಪ ತಿಳಿಸಿ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ.

ತಪ್ಪಿದ್ದು ಷೊರನೂರಿನಲ್ಲಿ. ನಾವು ಇಳಿದಾಗ ಮಂಗಳೂರಿನ ಗಾಡಿ ಹೊರಟು ಒಂದು ಗಂಟೆಯಾಗಿತ್ತು. ಅಪ್ಪ ತಂದಿದ್ದ ವೇಳಾಪಟ್ಟಿ ಹಿಂದಿನ ವರ್ಷದ್ದು. ಹೊಸದು ಬಂದು ವೇಳೆ ಬದಲಾಗಿದ್ದನ್ನು ಅವರು ಗಮನಿಸಿರಲಿಲ್ಲ. ರೈಲಿನ ತಪ್ಪೇನೂ ಇಲ್ಲ, ತಪ್ಪು ನಮ್ಮದೇ. ಅಪ್ಪ ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು, ಸಂಜೆಯವರೆಗೆ ಮಾತನಾಡಲಿಲ್ಲ. ಅಣ್ಣನಿಗೆ ತಂತಿ ಕೊಡಬೇಕೆಂಬುದು ಕೂಡ ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಕ್ಕಪಕ್ಕದ ಮಲಯಾಳ ಅವಳಿಗೆ ತಿಳಿಯದು. ರಾತ್ರಿಯ ಗಾಡಿ ಬರುವವರೆಗೆ ಅವಳು ಕೇಳಿದ್ದು ಒಂದೇ ಮಾತು: "ಮುಹೂರ್ತ ಎಷ್ಟು ಹೊತ್ತಿಗಂತೆ?"

ಬೆಳಗಿನ ಜಾವ, ಬೇಕಲದ ಆಸುಪಾಸಿನಲ್ಲಿ, ತೆಂಗಿನ ಮರಗಳ ಸಂದಿನಿಂದ ಕಡಲು ಕಂಡಿತು. ಎಪ್ಪತ್ತು ದಾಟಿದ್ದ ಅಜ್ಜಿ ಕಡಲನ್ನು ಕಂಡದ್ದು ಅದೇ ಮೊದಲು, ಕೈಮುಗಿದಳು. ಕಾಸರಗೋಡಿನ ನಿಲ್ದಾಣದಲ್ಲಿ ಯಾರೋ ಕನ್ನಡದಲ್ಲಿ ಕೂಗಿದ್ದನ್ನು ಕೇಳಿ, "ಬಂದೆವು ಬಿಡಪ್ಪ, ನಮ್ಮವರ ಮಾತು ಕೇಳಿಸಿತು" ಎಂದಳು. ಆ ಕಾಸರಗೋಡು 1956ರಲ್ಲಿಯೇ ಕೇರಳಕ್ಕೆ ಸೇರಿತ್ತೆಂದು ನಾನು ಹೇಳಲು ಹೋಗಲಿಲ್ಲ. ಅಣ್ಣನ ಮನೆ ಮುಟ್ಟಿದಾಗ ಒಂಬತ್ತು ಗಂಟೆ, ಮುಹೂರ್ತ ಏಳಕ್ಕೆ. ತೊಟ್ಟಿಲ ಶಾಸ್ತ್ರ ಮುಗಿದಿತ್ತು. ಅಜ್ಜಿ ಕೈಕಾಲು ತೊಳೆದು ಬಂದು, ಮಗುವನ್ನು ಎತ್ತಿಕೊಂಡು, ಆಗಲೇ ಇಟ್ಟಿದ್ದ ಹೆಸರನ್ನೇ ಅದರ ಕಿವಿಯಲ್ಲಿ ಮೂರು ಸಲ ಹೇಳಿದಳು. ಅಪ್ಪ ಹೊರಗೆ ಅಂಗಳದಲ್ಲಿ ನಿಂತಿದ್ದರು.

ಹಾಸನದಿಂದ ಮಂಗಳೂರಿಗೆ ಹಳಿ ಹಾಕುವ ಕೆಲಸ ಆಗ ನಡೆದಿತ್ತು. "ಅದು ಆಗಿಬಿಟ್ಟರೆ ತುಮಕೂರಿನಲ್ಲಿ ಹತ್ತಿ, ಅರಸೀಕೆರೆ, ಹಾಸನದ ಮೇಲೆ ಬಂದುಬಿಡಬಹುದು ಅಜ್ಜಿ" ಎಂದು ಅಣ್ಣ ಹೇಳಿದ. "ಹಾಗಾದರೆ ಮಗುವಿನ ಚೌಲಕ್ಕೆ ಅದರಲ್ಲೇ ಬರುತ್ತೇನೆ" ಎಂದಳು ಅಜ್ಜಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆಗಳ ನಡುವೆ 57 ಸುರಂಗಗಳನ್ನು ಕೊರೆದು, ಐವತ್ತು ಅಡಿಗೆ ಒಂದಡಿ ಇಳಿಜಾರಿನಲ್ಲಿ ಗಾಡಿಯನ್ನು ಇಳಿಸುವ ಆ ದಾರಿ 1979ರಲ್ಲಿ ತೆರೆಯಿತು. ಅಜ್ಜಿ 1978ರಲ್ಲಿ ತೀರಿಕೊಂಡಿದ್ದಳು.

ಆ ದಾರಿಯ ಮುಂದಿನ ಕಥೆಯೂ ನೆಟ್ಟಗಿಲ್ಲ. ಹಳಿಯನ್ನು ಅಗಲಿಸಲೆಂದು 1996ರಲ್ಲಿ ಅದನ್ನು ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಣ ಹನ್ನೊಂದು ವರ್ಷ, ರೈಲಿನಲ್ಲಿಯೇ ಮಂಗಳೂರಿಗೆ ಹೋಗಬೇಕೆಂದವರು ಮತ್ತೆ ಜೋಲಾರಪೇಟೆಯ ಸುತ್ತನ್ನೇ ಸುತ್ತಿದರು. ಅಷ್ಟರಲ್ಲಿ, 1998ರಲ್ಲಿ, ಕೊಂಕಣ ರೈಲು ಕಾರವಾರ, ಕುಮಟಾ, ಉಡುಪಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತ್ತು.

ನಮ್ಮ ನಾಲ್ಕು ತಾಲ್ಲೂಕುಗಳ ಸರದಿ ಬಂದದ್ದು ಈ ಶತಮಾನದಲ್ಲಿ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾಯ್ದುಹೋಗುವ ತುಮಕೂರು-ರಾಯದುರ್ಗ ದಾರಿ 2007-08ರಲ್ಲಿ ಮಂಜೂರಾಯಿತು. ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಹೋಗುವ ದಾರಿ 2011-12ರಲ್ಲಿ. ಮಂಜೂರಾತಿಗೂ ಸಿಳ್ಳಿಗೂ ನಡುವೆ ಭೂಮಿ ಬೇಕು, ಹಣ ಬೇಕು, ವರ್ಷಗಳು ಬೇಕು. ತಡವಾಯಿತೆಂದು ಕೊರಗುವವರಿಗೆ ನಾನು ಹೇಳುವುದಿಷ್ಟೆ: 1884ರಲ್ಲಿ ತುಮಕೂರಿಗೆ ರೈಲು ಬಂದಾಗಲೇ ತಡ ಮೊದಲಾಯಿತು. ಈ ಹಳಿಗಳು ಯಾರ ಅನುಕೂಲಕ್ಕೆ, ಯಾವ ಗಡಿಗಳ ಒಳಗೆ ಬಿದ್ದವೆಂಬುದನ್ನು ಅರಿತರೆ, ಇನ್ನು ಹಾಕುವ ಹಳಿಗಳ ಬಗೆಗೆ ನಾವು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಅಪ್ಪ ಬರೆದ ಆ ಕ್ಯಾಲೆಂಡರಿನ ಹಾಳೆ ಇಂದಿಗೂ ನನ್ನ ಬಳಿ ಇದೆ. ಷೊರನೂರಿನ ಎದುರಿಗೆ ಅವರು ಬರೆದಿದ್ದ ತಪ್ಪು ವೇಳೆಯನ್ನು, ಯಾವಾಗಲೋ, ಪೆನ್ಸಿಲಿನಿಂದ ಹೊಡೆದು ಸರಿಯಾದದ್ದನ್ನು ಬರೆದಿದ್ದಾರೆ. ಮತ್ತೆ ಆ ದಾರಿಯಲ್ಲಿ ಅವರು ಹೋಗಲಿಲ್ಲ. ಆದರೂ ತಿದ್ದಿ ಇಟ್ಟಿದ್ದಾರೆ.