ಸ್ಮಿರ್ನೋವ್ ಹೇಳಿದ್ದೇನು? ಕಸ್ಟಮ್ ಲಾಸಿಕ್‌ನ ಪೂರ್ವೇತಿಹಾಸದ ಒಂದು ಪ್ರಶ್ನೆ

ಒಬ್ಬೊಬ್ಬರ ಕಣ್ಣಿನ ಓರೆಕೋರೆಗೆ ತಕ್ಕಂತೆ ಕಾರ್ನಿಯಾವನ್ನು ಲೇಸರಿನಿಂದ ತಿದ್ದುವ ಕಸ್ಟಮ್ ಲಾಸಿಕ್‌ನ ಚರಿತ್ರೆ ಬರೆಯುವವರು ಬಹುಮಟ್ಟಿಗೆ ದೂರದರ್ಶಕದಿಂದಲೇ ಶುರುಮಾಡುತ್ತಾರೆ. ಅದಕ್ಕೆಂದು ರೋಲೆಂಡ್ ಶಾಕ್, ಬೆನ್ ಪ್ಲಾಟ್ 1971ರ ಹೊತ್ತಿಗೆ ರೂಪಿಸಿದ, ಬೆಳಕಿನ ಅಲೆಯ ಓರೆಕೋರೆ ಅಳೆಯುವ ಸಂವೇದಕ. 1994ರಲ್ಲಿ ಲಿಯಾಂಗ್, ಬಿಲ್ಲೆ ಮತ್ತು ಸಂಗಡಿಗರು ಅದೇ ತತ್ವದಿಂದ ಮನುಷ್ಯನ ಕಣ್ಣನ್ನು ಅಳೆದದ್ದು. 1999ರಲ್ಲಿ ಡ್ರೆಸ್ಡೆನ್‌ನಲ್ಲಿ ಥಿಯೊ ಝೈಲರ್ ಅಂಥ ಅಳತೆಯ ಆಧಾರದಲ್ಲಿ ಮಾಡಿದ ಚಿಕಿತ್ಸೆ. ಉಪಕರಣದ ವಂಶಾವಳಿಯಾಗಿ ಇದು ಸರಿ, ವಿಚಾರದ ಚರಿತ್ರೆಯಾಗಿ ತಪ್ಪು. ಎಂ. ಎಸ್. ಸ್ಮಿರ್ನೋವ್ 1961ರಲ್ಲಿ ಸೋವಿಯತ್ ಪತ್ರಿಕೆ 'ಬಯೋಫಿಝಿಕಾ'ದಲ್ಲಿ ಮನುಷ್ಯನ ಕಣ್ಣಿನ ದೋಷವನ್ನು ಪೂರ್ತಿಯಾಗಿ ಅಳೆಯುವ ವಿಧಾನದ ಬಗ್ಗೆ ಬರೆದ ಲೇಖನಕ್ಕೆ ಇಲ್ಲಿ ಜಾಗವಿಲ್ಲ. ಹೆಸರಿಸಿದವರೂ ಅದನ್ನು ಕೈಚೆಲ್ಲಿದವರ ಮಾತೆಂದೇ ಓದುತ್ತಾರೆ.

ಹಾಗೆ ಓದಲು ಆಧಾರ ಇಲ್ಲದಿಲ್ಲ. ಅಳತೆಗೆ ಒಂದೆರಡು ಗಂಟೆ, ಲೆಕ್ಕಕ್ಕೆ 10ರಿಂದ 12 ಗಂಟೆ ಹಿಡಿಯುವ ಈ ವಿಧಾನವನ್ನು ಕಣ್ಣಿನ ವೈದ್ಯರು ಬಳಸುವುದು ಅನುಮಾನ ಎಂದು ಸ್ಮಿರ್ನೋವ್ ಅವರೇ ಹೇಳಿದ್ದಾರೆ. ಆದರೆ ಈ ಅನುಮಾನ ಲೆಕ್ಕದ ಶ್ರಮದ ಬಗ್ಗೆ, ತತ್ವದ ಬಗ್ಗೆ ಅಲ್ಲ. ಕಣ್ಣಿನ ಪೂರ್ತಿ ದೋಷವನ್ನು ಸರಿದೂಗಿಸುವ ಮಸೂರ ಸಾಧ್ಯ, ಅದು ಕಾಂಟ್ಯಾಕ್ಟ್ ಲೆನ್ಸೇ ಆಗಿರಬೇಕು, ಇಲ್ಲವಾದರೆ ಕಣ್ಣು ಹೊರಳಿದಾಗ ದೋಷ ಇನ್ನೂ ಹೆಚ್ಚುತ್ತದೆ ಎಂಬುದೂ ಅದೇ ಲೇಖನದ ಮಾತು. ತಿದ್ದುಪಡಿ ಕಣ್ಣಿನೊಡನೆಯೇ ತಿರುಗಬೇಕು ಎಂಬ ಈ ಷರತ್ತೇ ನನ್ನ ವಾದದ ತಿರುಳು. ಕನ್ನಡಕ ಅದನ್ನು ಪೂರೈಸಲಾರದು, ಕಾರ್ನಿಯಾದ ಮೇಲೇ ಕೆತ್ತಿದ ತಿದ್ದುಪಡಿ ಪೂರೈಸುತ್ತದೆ. ಲೇಸರ್ ಯಂತ್ರದ ಟ್ರ್ಯಾಕರ್ ಕಣ್ಣಿನ ಚಲನೆಯ ಬೆನ್ನು ಬಿಡದಿರುವುದೂ ಇದಕ್ಕೇ: ಕೆತ್ತನೆ ಕೇಂದ್ರ ತಪ್ಪಿದರೆ ಹೊಸ ದೋಷ ಹುಟ್ಟುತ್ತದೆ.

ಕನ್ನಡಕದ ನಂಬರಿಗೆ ಸಿಗದ ಈ ದೋಷಗಳು ಬರೀ ಪ್ರಯೋಗಾಲಯದ ಸಂಗತಿ ಎನ್ನುವವರು ರಾತ್ರಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ನೋಡಲಿ. ಹಗಲಲ್ಲಿ ನಂಬರು ಸರಿಯಿದ್ದ ಕಣ್ಣಿಗೂ ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಎದುರು ಬಸ್ಸಿನ ಹೆಡ್‌ಲೈಟಿಗೆ ಬಾಲ ಮೂಡಬಹುದು, ಸುತ್ತ ಕಿರಣಗಳು ಚೆದುರಬಹುದು. ಕಾರ್ನಿಯಾದ ಅಂಚಿನ ಕಡೆಯಿಂದಲೂ ಬೆಳಕು ಒಳಬರುವುದರಿಂದ ಹೀಗಾಗುತ್ತದೆ. (ಘಾಟಿಯ ಮಂಜಿನ ಹನಿಗಳು ಚೆದುರಿಸುವ ಬೆಳಕೇ ಬೇರೆ, ಅದನ್ನು ಯಾವ ಲೇಸರೂ ತಿದ್ದದು. ಎರಡನ್ನೂ ಕಲಸಿ ಬರೆಯುವ ಪ್ರಚಾರ ಸಾಹಿತ್ಯದ ಬಗ್ಗೆ ನನಗೆ ತಾಳ್ಮೆಯಿಲ್ಲ.)

ಸ್ಮಿರ್ನೋವ್ ಲೇಸರನ್ನು ಊಹಿಸಿದ್ದರೆಂದು ನಾನು ಹೇಳುತ್ತಿಲ್ಲ. ಮೊದಲ ಲೇಸರ್ ಬೆಳಗಿದ್ದೇ 1960ರಲ್ಲಿ. ಎಕ್ಸೈಮರ್ ಲೇಸರ್ ಕಾರ್ನಿಯಾವನ್ನು ಸುಡದೆ ಪದರ ಪದರವಾಗಿ ತೆಗೆಯಬಲ್ಲದೆಂದು ಸ್ಟೀಫನ್ ಟ್ರೋಕೆಲ್ ಅವರು ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಬ್ರಾರೆನ್ ಜೊತೆ ಪ್ರಕಟಿಸಿದ್ದು 1983ರಲ್ಲಿ. ನನ್ನ ವಾದಕ್ಕೆ ನಿಜವಾದ ಮಿತಿ ಇರುವುದು ಬೇರೆಡೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾವನ್ನು ಕೊರೆಯುವುದಿಲ್ಲ, ಲಾಸಿಕ್ ಕೊರೆಯುತ್ತದೆ. ತೆಳುವಾದ ಕಾರ್ನಿಯಾ ತನ್ನ ಆಕಾರವನ್ನು ತಾನೇ ಬದಲಿಸಿಕೊಳ್ಳಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ರೋಹಿತ್ ಶೆಟ್ಟಿ, ಅಭಿಜಿತ್ ಸಿನ್ಹಾ ರಾಯ್ ಅವರು ಕಾರ್ನಿಯಾದ ಬಲದ ಮೇಲೆ ನಡೆಸಿರುವ ಸಂಶೋಧನೆ ಮುಖ್ಯವೆನಿಸುವುದು ಇಲ್ಲಿ. ಸ್ಮಿರ್ನೋವ್ ಅವರ ಲೆಕ್ಕದಲ್ಲಿ ಬೆಳಕಿನ ದಾರಿ ಇದೆ, ಅಂಗಾಂಶದ ಬಿಗಿತ ಇಲ್ಲ.